ಮಂಗಳೂರಿನ ಅಕ್ಕಿ ಉಂಡ ರಾಜಧಾನಿ

1442ರ ಬೇಸಿಗೆ. ಹೆರಾತಿನ ದೊರೆ ಶಾರೂಖ್‌ನ ರಾಯಭಾರಿಯಾಗಿ ಭಾರತಕ್ಕೆ ಹೊರಟಿದ್ದ ಅಬ್ದುಲ್ ರಜಾಕ್ ಹೊರ್ಮುಜ್‌ನಲ್ಲಿ ಹಡಗು ಹತ್ತಿದಾಗಲೇ ಹೊತ್ತು ಮೀರಿತ್ತು. ಮಳೆಗಾಲ ಹತ್ತಿರವಾಗಿದೆ, ಇನ್ನು ಮುಂದಕ್ಕೆ ಹೋಗಲಾಗದು ಎಂದು ನಾವಿಕರು ಕೈಚೆಲ್ಲಿದರು. ಅವನು ಮಸ್ಕತ್ತಿನಲ್ಲಿ ಸಿಕ್ಕಿಬಿದ್ದ. ಅಲ್ಲಿನ ಸೆಕೆಯನ್ನು ಬರೆಯುವಾಗ ಅವನ ವರ್ಣನೆಗೆ ಹಿಡಿತವೇ ಇಲ್ಲ. ಎಲುಬೊಳಗಿನ ಮಜ್ಜೆಯನ್ನೂ ಒರೆಯೊಳಗಿನ ಕತ್ತಿಯನ್ನೂ ಆ ಬಿಸಿಲು ಬಿಡಲಿಲ್ಲವೆಂದು ಗೋಳಾಡುತ್ತಾನೆ. ಕೊನೆಗೂ ಕಡಲು ದಾಟಿ ಕಲ್ಲಿಕೋಟೆ ಮುಟ್ಟಿ, ಅಲ್ಲಿಂದ ಮಂಗಳೂರಿನ ಮೇಲೆ ಹಾದು ವಿಜಯನಗರಕ್ಕೆ ಬಂದ. ಇಮ್ಮಡಿ ದೇವರಾಯನ ಆಸ್ಥಾನವನ್ನೂ ಮಹಾನವಮಿಯ ವೈಭವವನ್ನೂ ಕುರಿತು ಅವನು ಬರೆದದ್ದನ್ನು ನಮ್ಮ ಇತಿಹಾಸದ ಪಠ್ಯಗಳು ಇವತ್ತಿಗೂ ನೆನೆಯುತ್ತವೆ. ಹಂಪಿಯ ಆ ವರ್ಣನೆಗೆ ಮುನ್ನುಡಿಯಂತೆ ಮಸ್ಕತ್ತಿನ ಆ ಬೇಸಿಗೆ ಇದೆ ಎಂಬುದು ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ.

ಒಮಾನ್ ದೇಶದ ರಾಜಧಾನಿ ಮಸ್ಕತ್ ಇಂದು ಕರಾವಳಿಯ ಮನೆಮಾತು. ಉಡುಪಿ, ಮಂಗಳೂರು, ಕುಂದಾಪುರ, ಭಟ್ಕಳ ಕಡೆಯ ಅನೇಕ ಮನೆಗಳಲ್ಲಿ ‘ಮಗ ಮಸ್ಕತ್ತಿನಲ್ಲಿದ್ದಾನೆ’ ಎಂಬ ಮಾತು ಕೇಳಿಬರುತ್ತದೆ. ಈ ನಂಟು ಎಣ್ಣೆಯ ದುಡ್ಡಿನಿಂದ ಹುಟ್ಟಿದ್ದು ಎಂದೇ ಹಲವರ ಎಣಿಕೆ. ಆದರೆ ಎಣ್ಣೆ ಸಿಗುವ ಎಷ್ಟೋ ಶತಮಾನ ಮುಂಚೆಯೇ ಈ ಎರಡು ದಡಗಳ ನಡುವೆ ಹಡಗುಗಳು ಓಡಾಡುತ್ತಿದ್ದವು. ಹೋಗುವಾಗ ಅಕ್ಕಿ, ಮೆಣಸು, ಮರ. ಬರುವಾಗ ಕುದುರೆ, ಖರ್ಜೂರ, ಮುತ್ತು. ಮಸ್ಕತ್ತನ್ನು ಸರಿಯಾಗಿ ನೋಡಬೇಕಾದರೆ ಈ ಕಡಲ ದಾರಿಯನ್ನು ತಿಳಿದು ನೋಡಬೇಕು.

ಹಳೆಯ ಮಸ್ಕತ್ತಿನ ನಕಾಶೆಯೇ ಅರ್ಧ ಕಥೆ ಹೇಳುತ್ತದೆ. ಮೂರು ಕಡೆ ಕಡಿದಾದ, ಗಿಡಮರವಿಲ್ಲದ ಕಂದುಕಪ್ಪು ಬೆಟ್ಟ. ನಾಲ್ಕನೆಯ ಕಡೆ ಆಳವಾದ ಪುಟ್ಟ ಕೊಲ್ಲಿ. ಆ ಬೆಟ್ಟಗಳು ಸಾಮಾನ್ಯವಾದವಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಾಗರದ ತಳದ ಅಡಿಯಲ್ಲಿದ್ದ ಭೂಕವಚದ ಶಿಲೆ ಒತ್ತಡಕ್ಕೆ ಸಿಕ್ಕಿ ನೆಲದ ಮೇಲೇರಿ ನಿಂತಿದೆ. ಇಂಥ ಶಿಲೆ ಇಷ್ಟು ವಿಸ್ತಾರವಾಗಿ ಬಯಲಿಗೆ ಬಿದ್ದಿರುವ ಜಾಗ ಜಗತ್ತಿನಲ್ಲೇ ಅಪರೂಪವಾದ್ದರಿಂದ ಒಮಾನ್ ಭೂವಿಜ್ಞಾನಿಗಳಿಗೆ ಯಾತ್ರಾಸ್ಥಳ. ಹಗಲೆಲ್ಲ ಕಾದ ಈ ಕರಿಬಂಡೆ ರಾತ್ರಿ ಆ ಕಾವನ್ನು ಊರಿನ ಮೇಲೆ ಬಿಡುತ್ತದೆ. ಅಬ್ದುಲ್ ರಜಾಕನ ಗೋಳಿಗೆ ಕಾರಣ ಇದೇ.

ಇಂಥ ನೆಲದಲ್ಲಿ ಗದ್ದೆ ಎಲ್ಲಿಂದ ಬರಬೇಕು? ಊರಿಗೆ ಇದ್ದ ಆಸ್ತಿ ಒಂದೇ: ಗಾಳಿಗೆ ಮರೆಯಾದ, ಶತ್ರುವಿಗೆ ಸುಲಭವಾಗಿ ಕಾಣದ, ಸಿಹಿನೀರು ಸಿಗುವ ಬಂದರು. ಪರ್ಷಿಯನ್ ಕೊಲ್ಲಿಯಿಂದ ಹೊರಬಿದ್ದ ಹಡಗು ಭಾರತದ ಕಡೆ ತಿರುಗುವ ಮುನ್ನ ನೀರು ತುಂಬಿಕೊಳ್ಳುತ್ತಿದ್ದ ತಾಣವದು. ಊರಿನ ಜನ ತಿನ್ನುವ ಅನ್ನ, ಉಡುವ ಬಟ್ಟೆ, ಹಡಗು ಕಟ್ಟುವ ಹಲಗೆ ಎಲ್ಲವೂ ಕಡಲಿನಿಂದಲೇ ಬರಬೇಕಿತ್ತು.

ಈ ಬಂದರಿನ ಬೆಲೆ ಗೊತ್ತಿದ್ದವನು ಪೋರ್ಚುಗೀಸರ ಅಫೊನ್ಸೊ ದೆ ಅಲ್ಬುಕರ್ಕ್. ಗೋವೆಗೆ ಕೈಹಾಕುವ ಮೂರು ವರ್ಷ ಮೊದಲು, 1507ರಲ್ಲಿ, ಅವನು ಮಸ್ಕತ್ತನ್ನು ಸುಟ್ಟು ವಶಪಡಿಸಿಕೊಂಡ. ಮುಂದೆ ತುರ್ಕರ ನೌಕಾಪಡೆಗಳು ಎರಡು ಸಲ, 1552 ಮತ್ತು 1581ರಲ್ಲಿ, ಊರನ್ನು ದೋಚಿದವು. ಮೊದಲ ದಾಳಿಯ ನಾಯಕ, ಜಗತ್ತಿನ ನಕ್ಷೆ ಬರೆದು ಹೆಸರಾದ ಪೀರಿ ರಯೀಸ್. ಎರಡನೆಯ ಪೆಟ್ಟಿನ ನಂತರ ಪೋರ್ಚುಗೀಸರು ಎಚ್ಚೆತ್ತು ಕೊಲ್ಲಿಯ ಎರಡೂ ಬದಿಯ ಬಂಡೆಗಳ ಮೇಲೆ ಭದ್ರವಾದ ಕೋಟೆಗಳನ್ನು ಎಬ್ಬಿಸಿದರು. ಇಂದು ಅವು ಅಲ್ ಜಲಾಲಿ ಮತ್ತು ಅಲ್ ಮೀರಾನಿ. ಮಸ್ಕತ್ತಿನ ಚಿತ್ರ ಎಂದರೆ ಕಣ್ಣಿಗೆ ಬರುವುದು ಈ ಜೋಡಿಯೇ. ಜಲಾಲಿ ಬಹುಕಾಲ ಸೆರೆಮನೆಯಾಗಿತ್ತು. 1970ರವರೆಗೂ ಅದರ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಪ್ರವಾಸಿಗರು ಎರಡನ್ನೂ ಕಡಲಂಚಿನಿಂದ, ಇಲ್ಲವೇ ದೋಣಿಯಿಂದ ನೋಡುವುದೇ ವಾಡಿಕೆ. ದೋಣಿಯಲ್ಲಿ ಹೋದವರಿಗೆ ಇನ್ನೊಂದು ಲಾಭವಿದೆ. ಬಂದರಿನ ಸುತ್ತಲ ಬಂಡೆಗಳ ಮೇಲೆ ಹಿಂದೆ ಬಂದುಹೋದ ಹಡಗುಗಳ ಹೆಸರುಗಳನ್ನು ಬಣ್ಣದಲ್ಲಿ ಬರೆದಿರುವುದು ಕಾಣುತ್ತದೆ. ಲಂಗರು ಹಾಕಿದಾಗ ಬಂಡೆ ಹತ್ತಿ ತಮ್ಮ ಹಡಗಿನ ಹೆಸರು ಬರೆಯುವುದು ನಾವಿಕರ ರೂಢಿಯಾಗಿತ್ತು.

ಪೋರ್ಚುಗೀಸರು ಇಲ್ಲಿಂದ ಹೊರಬಿದ್ದ ಬಗೆ ಒಂದು ನಾಟಕಕ್ಕೆ ಸಾಕಾಗುವಂಥದು. 19ನೇ ಶತಮಾನದ ಒಮಾನಿ ಇತಿಹಾಸಕಾರ ಇಬ್ನ್ ರುಜೈಕ್ ಆ ಕಥೆಯನ್ನು ದಾಖಲಿಸಿದ್ದಾನೆ. ಕೋಟೆಗೆ ದಿನಸಿ ಪೂರೈಸುವ ಗುತ್ತಿಗೆ ನರೋತ್ತಮ ಎಂಬ ಹಿಂದೂ ವರ್ತಕನ ಕೈಯಲ್ಲಿತ್ತು. ಪೋರ್ಚುಗೀಸ್ ಅಧಿಕಾರಿಯೊಬ್ಬ ಅವನ ಮಗಳನ್ನು ಮದುವೆಯಾಗುವುದಾಗಿ ಹಟ ಹಿಡಿದ. ಒಪ್ಪದಿದ್ದಾಗ ಬೆದರಿಸಿದ. ನರೋತ್ತಮ ಒಪ್ಪಿದಂತೆ ನಟಿಸಿ ಸಮಯ ಕೇಳಿದ. ಅಷ್ಟರಲ್ಲಿ, ಕೋಟೆಯ ತೊಟ್ಟಿಯ ನೀರು ಹಳಸಿದೆ, ಕಣಜದ ಧಾನ್ಯ ಹುಳ ಹಿಡಿದಿದೆ, ಮದ್ದು ಹಳೆಯದಾಗಿದೆ, ಎಲ್ಲವನ್ನೂ ಹೊರಹಾಕಿ ಹೊಸದು ತುಂಬಿಸೋಣ ಎಂದು ನಂಬಿಸಿದ. ಹಳೆಯದನ್ನು ಹೊರಹಾಕಿಸಿದ ಮೇಲೆ ಹೊಸದು ತುಂಬಲಿಲ್ಲ. ಬದಲಿಗೆ ಇಮಾಮ್ ಸುಲ್ತಾನ್ ಬಿನ್ ಸೈಫ್‌ಗೆ ಗುಟ್ಟಾಗಿ ಹೇಳಿಕಳಿಸಿದ. ಇಮಾಮನ ಪಡೆ ನುಗ್ಗಿತು. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು ಎಂಬ ಚರ್ಚೆ ಏನೇ ಇರಲಿ, 1650ರ ಜನವರಿಯಲ್ಲಿ ಮಸ್ಕತ್ ಪೋರ್ಚುಗೀಸರ ಕೈತಪ್ಪಿದ್ದು ಇತಿಹಾಸ. ಅಲ್ಲಿಂದಾಚೆಗೆ ಆ ಕೋಟೆಗಳು ಅವರಿಗೆ ಮರಳಿ ದಕ್ಕಲಿಲ್ಲ.

ಇದೇ ಹೊತ್ತಿಗೆ ಕಡಲಿನ ಈಚೆ ದಡದಲ್ಲಿ ಏನಾಗುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರೊಳಗೆ ಬಸ್ರೂರು, ಹೊನ್ನಾವರ, ಮಂಗಳೂರುಗಳಿಂದ ಪೋರ್ಚುಗೀಸರನ್ನು ಓಡಿಸಿದ. ಅರಬ್ಬೀ ಸಮುದ್ರದ ಎರಡೂ ದಡಗಳು ನಾಲ್ಕೈದು ವರ್ಷದ ಅಂತರದಲ್ಲಿ ಒಂದೇ ಶತ್ರುವನ್ನು ಕಳಚಿಕೊಂಡವು. ನಮ್ಮ ಪುಸ್ತಕಗಳು ಈ ಎರಡು ಘಟನೆಗಳನ್ನು ಬೇರೆ ಬೇರೆ ದೇಶಗಳ ಇತಿಹಾಸವೆಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಆ ಕಾಲದ ಹಡಗಿನ ತಂಡೇಲನಿಗಾದರೋ ಇದು ಒಂದೇ ಸುದ್ದಿಯ ಎರಡು ಭಾಗವಾಗಿ ಕೇಳಿಸಿರಬೇಕು.

ಏಕೆಂದರೆ ಎರಡು ದಡಗಳನ್ನು ಕಟ್ಟಿಹಾಕಿದ್ದು ಅಕ್ಕಿ. ಕೆನರಾ ಕರಾವಳಿಯ ಗದ್ದೆಗಳಲ್ಲಿ ಉಂಡು ಮಿಕ್ಕುವಷ್ಟು ಭತ್ತ. ಮಸ್ಕತ್ತಿನಲ್ಲಿ ಒಂದು ಹಿಡಿಯೂ ಬೆಳೆಯದು. ಪೋರ್ಚುಗೀಸರು ಬಸ್ರೂರಿನ ಮೇಲೆ ಅಷ್ಟು ಆಸೆ ಇಟ್ಟುಕೊಂಡದ್ದೂ ತಮ್ಮ ಕೋಟೆಗಳನ್ನು ಸಾಕಲು ಬೇಕಾದ ಅಕ್ಕಿಗಾಗಿಯೇ. ಅವರು ಮಸ್ಕತ್ ಬಿಟ್ಟ ಮೇಲೆ ಅರಬರು ನೇರವಾಗಿ ನಮ್ಮ ಬಂದರುಗಳಿಗೆ ಬಂದು ವ್ಯಾಪಾರ ಮಾಡತೊಡಗಿದರು. ಪೋರ್ಚುಗೀಸರು ಅದಕ್ಕೆ ಅಡ್ಡಗಾಲು ಹಾಕಿದಾಗ ಸಿಟ್ಟು ನೆತ್ತಿಗೇರಿತು: 1695ರಲ್ಲಿ ಅರಬರ ಹಡಗುಗಳು ಮಂಗಳೂರಿಗೆ ಬೆಂಕಿ ಇಟ್ಟವು. ನೂರು ವರ್ಷ ಕಳೆದು, 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿಗೆ ಬಂದಾಗ ಅಲ್ಲಿಂದ ಹೊರಹೋಗುವ ಮುಖ್ಯ ಸರಕು ಅಕ್ಕಿ ಎಂದೂ, ಅದು ತಲುಪುವ ಊರುಗಳಲ್ಲಿ ಮಸ್ಕತ್ ಒಂದು ಎಂದೂ ಬರೆದುಕೊಂಡ.

ಈ ವ್ಯಾಪಾರವನ್ನು ರಾಜ್ಯದ ಉದ್ಯಮವನ್ನಾಗಿ ಮಾಡಲು ಹೊರಟವನು ಟಿಪ್ಪು ಸುಲ್ತಾನ್. 1780ರ ದಶಕದಲ್ಲಿ ಮಸ್ಕತ್ತಿನಲ್ಲಿ ಮೈಸೂರಿನ ಕೋಠಿಯೊಂದು ನಡೆಯುತ್ತಿತ್ತು. ಶ್ರೀಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿ ಮಾರಾಟಕ್ಕೆ. ಕೋಠಿಯ ದರೋಗನಿಗೆ ಟಿಪ್ಪು ಬರೆಸಿದ ಪತ್ರಗಳು ಇಂಗ್ಲಿಷಿಗೆ ಅನುವಾದಗೊಂಡು ಉಳಿದಿವೆ. ಅವನ್ನು ಓದುವುದೇ ಒಂದು ಸೊಗಸು. ಗಂಧದ ಬೆಲೆ ಇಳಿಸಬೇಡ ಎಂಬ ತಾಕೀತು, ರೇಷ್ಮೆಹುಳುವನ್ನೂ ಅದನ್ನು ಸಾಕಬಲ್ಲವರನ್ನೂ ಹುಡುಕಿ ಕಳಿಸು ಎಂಬ ಅಪ್ಪಣೆ, ಕೇಸರಿಯ ಬಿತ್ತನೆ ಬೇಕು, ಮುತ್ತು ತೆಗೆಯುವ ಮುಳುಗುಗಾರರು ಬೇಕು ಎಂಬ ಬೇಡಿಕೆ. ಶ್ರೀರಂಗಪಟ್ಟಣದಲ್ಲಿ ಕೂತ ದೊರೆಯೊಬ್ಬ ಕಡಲಾಚೆಯ ಅಂಗಡಿಯ ಲೆಕ್ಕವನ್ನು ಹೀಗೆ ಬಿಡಿಬಿಡಿಯಾಗಿ ವಿಚಾರಿಸಿದ ಇನ್ನೊಂದು ಉದಾಹರಣೆ ನಮ್ಮ ಇತಿಹಾಸದಲ್ಲಿ ಸುಲಭಕ್ಕೆ ಸಿಗದು.

ಇದೇ ನಂಟು ಬ್ರಿಟಿಷರ ನಿದ್ದೆಗೆಡಿಸಿತು. ಟಿಪ್ಪುವಿಗೆ ಫ್ರೆಂಚರ ನೆರವು ಈ ದಾರಿಯಲ್ಲಿ ಬಂದೀತೆಂಬ ಅಂಜಿಕೆಯಿಂದ 1798ರ ಅಕ್ಟೋಬರಿನಲ್ಲಿ ಅವರು ಮಸ್ಕತ್ತಿನ ದೊರೆಯೊಂದಿಗೆ ಒಪ್ಪಂದ ಮಾಡಿಕೊಂಡು ಫ್ರೆಂಚರನ್ನು ಅಲ್ಲಿಂದ ದೂರವಿಡಿಸಿದರು. ಮರುವರ್ಷದ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಪತ್ರ ಬರೆದು, ಮಸ್ಕತ್ ಮತ್ತು ಮೋಖಾ ದಾರಿಯಾಗಿ ಸುದ್ದಿ ಕಳಿಸುವಂತೆ ಕೇಳಿದ. ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಟಿಪ್ಪುವಿನ ನಂತರದ ಅರ್ಧ ಶತಮಾನ ಮಸ್ಕತ್ತಿನ ಪಾಲಿಗೆ ಸುವರ್ಣಕಾಲ. 1806ರಿಂದ 1856ರವರೆಗೆ ಆಳಿದ ಸಯ್ಯಿದ್ ಸಯೀದ್‌ನ ಹಡಗುಗಳು ಪೂರ್ವ ಆಫ್ರಿಕದಿಂದ ಭಾರತದವರೆಗೆ ಓಡಾಡಿದವು. ಮುಂಬಯಿಯಲ್ಲಿ ಕಟ್ಟಿದ ‘ಸುಲ್ತಾನಾ’ ಎಂಬ ಅವನ ಹಡಗು 1840ರಲ್ಲಿ ನ್ಯೂಯಾರ್ಕ್ ಮುಟ್ಟಿತ್ತು. ಆದರೆ ಅವನ ಮನಸ್ಸು ನೆಟ್ಟದ್ದು ಲವಂಗದ ದ್ವೀಪ ಜಾಂಜಿಬಾರ್‌ನಲ್ಲಿ. ಆಸ್ಥಾನವನ್ನೂ ಅಲ್ಲಿಗೇ ಒಯ್ದ. ಆ ವೈಭವದ ಹಿಂದೆ ಆಫ್ರಿಕದ ಗುಲಾಮರ ವ್ಯಾಪಾರವಿತ್ತು ಎಂಬುದನ್ನು ಮರೆಯಬಾರದು. ಅವನು ಸತ್ತ ಮೇಲೆ ಮಕ್ಕಳು ಜಗಳಾಡಿದರು. 1861ರಲ್ಲಿ ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ರಾಜ್ಯವನ್ನು ಎರಡು ಹೋಳು ಮಾಡಿ ತೀರ್ಪು ಕೊಟ್ಟ. ಸಂಪತ್ತು ಜಾಂಜಿಬಾರ್‌ನ ಪಾಲಾಯಿತು. ಆವಿಹಡಗುಗಳು ಬಂದ ಮೇಲೆ ಹಾಯಿಹಡಗಿನ ಬಂದರು ಮತ್ತಷ್ಟು ಸೊರಗಿತು.

ಆಮೇಲಿನ ನೂರು ವರ್ಷ ಮಸ್ಕತ್ ಹೆಚ್ಚುಕಡಿಮೆ ನಿಂತ ನೀರು. ಚಲಾವಣೆಯಲ್ಲಿದ್ದದ್ದು ನಮ್ಮದೇ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು. ಒಮಾನ್ 1970ರವರೆಗೂ ಅದನ್ನು ಬಳಸಿತು. ಸುಲ್ತಾನ್ ಸಯೀದ್ ಬಿನ್ ತೈಮೂರನ ಕಾಲದಲ್ಲಿ ಸೂರ್ಯ ಮುಳುಗಿ ಮೂರು ಗಂಟೆಗೆ ತೋಪು ಹಾರಿಸಿ ಊರಬಾಗಿಲು ಮುಚ್ಚುತ್ತಿದ್ದರು. ಆಮೇಲೆ ಬೀದಿಗಿಳಿಯುವವರು ಕೈಯಲ್ಲಿ ಲಾಟೀನು ಹಿಡಿದಿರಲೇಬೇಕು. 1970ರ ಜುಲೈ 23ರಂದು ಅವನನ್ನು ಇಳಿಸಿ ಮಗ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿ ಇದ್ದದ್ದು ಮೂರು ಶಾಲೆ, ಸುಮಾರು 10 ಕಿಲೋಮೀಟರ್ ಡಾಂಬರು ರಸ್ತೆ. ಎಣ್ಣೆಯ ರಫ್ತು 1967ರಲ್ಲಷ್ಟೇ ಶುರುವಾಗಿತ್ತು. 2020ರ ಜನವರಿಯಲ್ಲಿ ಕಾಬೂಸ್ ತೀರಿಕೊಳ್ಳುವ ಹೊತ್ತಿಗೆ ರಾಜಧಾನಿ ಪ್ರಾಂತ್ಯದ ಜನಸಂಖ್ಯೆ 13 ಲಕ್ಷ ಮುಟ್ಟಿತ್ತು. ಕಡಲಂಚಿಗೇ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಊರು ಹಬ್ಬಿತ್ತು. ಇಷ್ಟು ಬೆಳೆದರೂ ದುಬೈಯಂತೆ ಮುಗಿಲು ಮುಟ್ಟುವ ಗೋಪುರಗಳನ್ನು ಏರಿಸಲು ಇಲ್ಲಿ ಬಿಡಲಿಲ್ಲ. ಕಟ್ಟಡಗಳ ಎತ್ತರಕ್ಕೂ ಬಣ್ಣಕ್ಕೂ ಕಟ್ಟಳೆ ಇದೆ. ಬಿಳಿ, ಕೆನೆ, ಮರಳಿನ ಬಣ್ಣದ ತಗ್ಗು ಮನೆಗಳ ಹಿಂದೆ ಆ ಕಪ್ಪು ಬೆಟ್ಟ ಈಗಲೂ ತಡೆಯಿಲ್ಲದೆ ಕಾಣುತ್ತದೆ. ಈ ಊರಿನ ಚೆಲುವಿಗೆ ಮುಖ್ಯ ಕಾರಣ ಆ ಸಂಯಮ.

ನೋಡುವುದನ್ನು ಹಳೆಯ ಮಸ್ಕತ್ತಿನಿಂದಲೇ ಆರಂಭಿಸುವುದು ಒಳ್ಳೆಯದು. ಎರಡು ಕೋಟೆಗಳ ನಡುವೆ, ನೀಲಿ ಮತ್ತು ಚಿನ್ನದ ಬಣ್ಣದ ಕಂಬಗಳ ಅಲ್ ಆಲಂ ಅರಮನೆ. ಕಟ್ಟಿದ್ದು ಮುಂಬಯಿಯ ಶಾಪೂರ್‌ಜಿ ಪಲ್ಲೋಂಜಿ ಕಂಪನಿ. ಒಳಗೆ ಬಿಡುವುದಿಲ್ಲ; ಅಂಗಳದಲ್ಲಿ ನಿಂತು ನೋಡಬಹುದು. ಎದುರಿಗೇ 2016ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಹಡಗು, ಶಸ್ತ್ರ, ಬೆಳ್ಳಿ ಕೆಲಸ, ಧೂಪದ ವ್ಯಾಪಾರ ಎಲ್ಲವೂ ಅಲ್ಲಿ ಅಚ್ಚುಕಟ್ಟಾಗಿವೆ. ಅದಕ್ಕೊಂದು ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ.

ಅರಮನೆಯಿಂದ ಕೂಗಳತೆಯಲ್ಲಿ ಮೋತೀಶ್ವರ ದೇವಸ್ಥಾನ. ನೂರು ವರ್ಷಕ್ಕೂ ಹಳೆಯದಾದ ಈ ಶಿವನ ಗುಡಿಯನ್ನು ಕಟ್ಟಿಸಿದವರು ಕಚ್ಛ್‌ನಿಂದ ಬಂದು ನೆಲೆಸಿದ ಭಾಟಿಯಾ ವರ್ತಕರು. ಕಚ್ಛ್‌ನ ಮಾಂಡವಿಯಿಂದ ಬಂದ ರಾಮದಾಸ್ ಠಾಕರ್ಸಿ 1870ರಲ್ಲಿ ಇಲ್ಲಿ ವ್ಯಾಪಾರ ಹೂಡಿದರು. ಅದೇ ಮನೆತನದ ಕನಕ್‌ಸಿ ಖಿಮ್‌ಜಿ ಅವರಿಗೆ ಒಮಾನ್ ಸರ್ಕಾರ ‘ಶೇಖ್’ ಪದವಿ ಕೊಟ್ಟು ಗೌರವಿಸಿತು. ಶಿವರಾತ್ರಿಯ ದಿನ ಇಲ್ಲಿಗೆ ಬರುವ ಸಾವಿರಾರು ಭಕ್ತರಲ್ಲಿ ಕನ್ನಡ, ತುಳು, ಕೊಂಕಣಿ ಮಾತಾಡುವವರೂ ಇರುತ್ತಾರೆ. ಸುಲ್ತಾನನ ಅರಮನೆಯ ಮಗ್ಗುಲಲ್ಲೇ ಶಿವನಿಗೆ ಜಾಗ ಸಿಕ್ಕಿದ್ದು ಆಕಸ್ಮಿಕವಲ್ಲ. ಬಂದರನ್ನು ನಂಬಿ ಬದುಕಿದ ಊರಿಗೆ ಪರವೂರಿನ ವರ್ತಕ ಬೇಕಾದವನು, ಅವನ ದೇವರೂ ಬೇಕಾದವನು.

ಅಲ್ಲಿಂದ ಬೆಟ್ಟದ ತಿರುವು ದಾಟಿದರೆ ಮತ್ರಾ. ಹಳೆಯ ಮಸ್ಕತ್ ಆಡಳಿತದ ಊರಾದರೆ ಮತ್ರಾ ದುಡಿಮೆಯ ಊರು. ಬಾಗಿದ ಕಡಲ ದಂಡೆಯ ಗುಂಟ ಬಿಳಿ ಮನೆಗಳ ಸಾಲು, ಮರದ ಜಾಲಂದರದ ಉಪ್ಪರಿಗೆಗಳು. ಅವುಗಳ ಹಿಂದೆ ಪಾಗಾರದೊಳಗಿನ ಕೇರಿ ಲವಾತಿಯಾ ಸಮುದಾಯದ್ದು. ಸಿಂಧ್ ಕಡೆಯಿಂದ ಬಂದು ನೆಲೆಸಿದ ಇವರ ಮನೆಮಾತಿನಲ್ಲಿ ಇಂದಿಗೂ ಸಿಂಧಿಯ ಛಾಯೆ ಇದೆ. ಸಂಜೆ ಐದರ ನಂತರ ಮತ್ರಾ ಸೂಕಿನ, ಅಂದರೆ ಹಳೆಯ ಪೇಟೆಯ, ಓಣಿಗಳಿಗೆ ಜೀವ ಬರುತ್ತದೆ. ಹಗಲಲ್ಲೂ ಬಿಸಿಲು ಇಳಿಯದಷ್ಟು ಇಕ್ಕಟ್ಟಾದ ಓಣಿಗಳು. ಬಾಗಿದ ಖಂಜರ್ ಕಠಾರಿ, ಬೆಳ್ಳಿ ಒಡವೆ, ಕಸೂತಿ ಟೋಪಿ, ಹಲ್ವಾ. ಎಲ್ಲದರ ಮೇಲೆ ಧೂಪದ ಹೊಗೆ. ಒಮಾನಿನ ದಕ್ಷಿಣದ ಧೋಫಾರ್ ಬೆಟ್ಟಗಳ ಮರದಿಂದ ಇಳಿಸುವ ಆ ಧೂಪದ ಅಂಟು ಸಾವಿರಾರು ವರ್ಷಗಳಿಂದ ಜಗತ್ತಿನ ಗುಡಿ, ಇಗರ್ಜಿಗಳಿಗೆ ಹೋಗಿದೆ. ತಿಳಿಹಸಿರು ಛಾಯೆಯ, ಶುದ್ಧವಾದ ತುಣುಕಿಗೆ ಬೆಲೆ ಹೆಚ್ಚು. ಅಂಗಡಿಯವರಲ್ಲಿ ಬಹಳ ಮಂದಿಗೆ ಹಿಂದಿ ಬರುತ್ತದೆ. ಚೌಕಾಶಿಗೆ ಸಂಕೋಚ ಬೇಡ. ಬೆಳಿಗ್ಗೆ ಬಂದವರು ಪಕ್ಕದ ಹೊಸ ಮೀನು ಮಾರುಕಟ್ಟೆಗೆ ಹೋಗಲೇಬೇಕು. ನಾರ್ವೆಯ ವಾಸ್ತುಶಿಲ್ಪಿಗಳು ರೂಪಿಸಿದ ಅಲೆಯಾಕಾರದ ಚಪ್ಪರದಡಿ ಅಂಜಲ್, ಬೂತಾಯಿ ರಾಶಿಬಿದ್ದಿರುವುದನ್ನು ಕಂಡಾಗ ಮಲ್ಪೆಯವರಿಗೆ ಪರವೂರೆನಿಸದು.

ಹೊಸ ಮಸ್ಕತ್ತಿನ ಹೆಮ್ಮೆ ಸುಲ್ತಾನ್ ಕಾಬೂಸ್ ಮಹಾಮಸೀದಿ. 2001ರಲ್ಲಿ ತೆರೆದ ಈ ಕಟ್ಟಡಕ್ಕೆ ಬಳಸಿದ 3 ಲಕ್ಷ ಟನ್ ಮರಳುಗಲ್ಲು ಭಾರತದ್ದು. ಪ್ರಾರ್ಥನಾ ಸಭಾಂಗಣದ ನೆಲಕ್ಕೆ ಹಾಸಿದ ರತ್ನಗಂಬಳಿ 70 ಮೀಟರ್ ಉದ್ದ, 60 ಮೀಟರ್ ಅಗಲ, 21 ಟನ್ ತೂಕ. ಇರಾನಿನ ಆರುನೂರು ಹೆಂಗಸರು ನಾಲ್ಕು ವರ್ಷ ಕೂತು, 170 ಕೋಟಿ ಗಂಟು ಹಾಕಿ ನೇಯ್ದದ್ದು. ಮೇಲೆ 14 ಮೀಟರ್ ಎತ್ತರದ ಸ್ಫಟಿಕದ ತೂಗುದೀಪ. ಈ ಅಂಕಿಗಳು ಬೆರಗು ಹುಟ್ಟಿಸುತ್ತವೆ ನಿಜ, ಆದರೆ ಅವುಗಳಿಗಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಹೊರಗಿನ ಪಡಸಾಲೆಗಳ ಗೂಡುಗಳನ್ನು. ಒಂದೊಂದು ಗೂಡಿನಲ್ಲೂ ಇಸ್ಲಾಮಿ ಜಗತ್ತಿನ ಬೇರೆ ಬೇರೆ ಸೀಮೆಯ ಅಲಂಕಾರ. ಮೊಘಲ್ ಶೈಲಿಯದೂ ಅಲ್ಲಿದೆ. ಮುಸ್ಲಿಮೇತರರಿಗೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8ರಿಂದ 11ರವರೆಗೆ ಪ್ರವೇಶ. ಮೈತುಂಬ ಬಟ್ಟೆ ಇರಬೇಕು, ಹೆಂಗಸರು ತಲೆಗೆ ಸೆರಗು ಹೊದ್ದಿರಬೇಕು. 2011ರಲ್ಲಿ ಆರಂಭವಾದ ರಾಯಲ್ ಆಪೆರಾ ಹೌಸ್ ಕೂಡ ನಗರದ ಈ ಕಡೆಯೇ ಇದೆ.

ಅಲ್ ಬುಸ್ತಾನ್ ಕಡೆ ಹೋಗುವ ರಸ್ತೆಯ ವೃತ್ತದಲ್ಲಿ ನಿಂತಿರುವ ಮರದ ಹಡಗನ್ನು ಕಾರಿನಿಂದಲೇ ನೋಡಿ ಮುಂದೆ ಹೋಗುವವರೇ ಹೆಚ್ಚು. ಅದು ಇಳಿದು ನೋಡಬೇಕಾದ ಹಡಗು. ಹೆಸರು ‘ಸೊಹಾರ್’. ಸಿಂದಬಾದನ ಕಾಲದ ನೌಕೆಗಳು ನಿಜಕ್ಕೂ ಚೀನಾ ಮುಟ್ಟಬಲ್ಲವಾಗಿದ್ದವೇ ಎಂದು ಪರೀಕ್ಷಿಸಲು ಟಿಮ್ ಸೆವೆರಿನ್ ಎಂಬ ಸಾಹಸಿ ಇದನ್ನು ಹಳೆಯ ಕ್ರಮದಲ್ಲೇ ಕಟ್ಟಿಸಿದ. ಒಂದು ಮೊಳೆಯನ್ನೂ ಹೊಡೆದಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಮರ ಮಲಬಾರಿನದು, ಹಗ್ಗ ಲಕ್ಷದ್ವೀಪದ್ದು, ಹೊಲಿಗೆಗೆ ಲಕ್ಷದ್ವೀಪದ ಕಸುಬುದಾರರ ಕೈ. 1980ರ ನವೆಂಬರಿನಲ್ಲಿ ಮಸ್ಕತ್ ಬಿಟ್ಟ ಹಡಗು ಕಲ್ಲಿಕೋಟೆ, ಶ್ರೀಲಂಕಾ, ಸುಮಾತ್ರ, ಸಿಂಗಪುರದ ಮೂಲಕ ಮರುವರ್ಷ ಜುಲೈನಲ್ಲಿ ಚೀನಾದ ಕ್ಯಾಂಟನ್ ತಲುಪಿತು. ಕಾಡಿಲ್ಲದ ಒಮಾನಿನ ನಾವಿಕರು ಜಗತ್ತು ಸುತ್ತಿದ್ದು ನಮ್ಮ ಪಶ್ಚಿಮ ಕರಾವಳಿಯ ಮರದ ಮೇಲೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಮಸ್ಕತ್ತಿನಲ್ಲಿ ಇಲ್ಲ.

ಮತ್ರಾದ ಬಂದರು ಈಗ ಸರಕಿನದಲ್ಲ. 2014ರಲ್ಲಿ ಸರಕು ಹಡಗುಗಳನ್ನು ಸುಮಾರು 200 ಕಿಲೋಮೀಟರ್ ದೂರದ ಸೊಹಾರ್‌ಗೆ ವರ್ಗಾಯಿಸಿ, ಇಲ್ಲಿನ ಧಕ್ಕೆಯನ್ನು ಪ್ರವಾಸಿ ಹಡಗುಗಳಿಗೆ ಬಿಟ್ಟುಕೊಟ್ಟರು. ಆ ಹಡಗುಗಳು ಬರುವುದು ಚಳಿಗಾಲದಲ್ಲಿ, ನಮ್ಮವರು ಹೋಗಬೇಕಾದ್ದೂ ಆಗಲೇ: ನವೆಂಬರಿನಿಂದ ಫೆಬ್ರವರಿವರೆಗೆ ಹಗಲು ಹಿತವಾಗಿರುತ್ತದೆ. ಮಂಗಳೂರಿನಿಂದ ವಿಮಾನದಲ್ಲಿ ಮೂರು ಗಂಟೆಯ ಆಸುಪಾಸಿನ ದಾರಿ. ಶುಕ್ರವಾರ, ಶನಿವಾರ ಅಲ್ಲಿ ವಾರದ ರಜೆ; ಶುಕ್ರವಾರ ಬೆಳಿಗ್ಗೆ ಅಂಗಡಿಗಳೂ ಮುಚ್ಚಿರುತ್ತವೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸೂಕಿಗೆ ವಿರಾಮ. ಎರಡು ದಿನ ಕೈಯಲ್ಲಿದ್ದರೆ ಮೊದಲನೆಯ ದಿನ ಬೆಳಿಗ್ಗೆ ಮಸೀದಿ, ಸಂಜೆ ಮತ್ರಾ; ಎರಡನೆಯ ದಿನ ಬೆಳಿಗ್ಗೆ ವಸ್ತುಸಂಗ್ರಹಾಲಯ, ಅರಮನೆ, ಮೋತೀಶ್ವರ, ಸಂಜೆ ದೋಣಿಯಲ್ಲಿ ಕೋಟೆಗಳ ಕೆಳಗೆ ಒಂದು ಸುತ್ತು. ಮತ್ರಾದ ಪೋರ್ಚುಗೀಸ್ ಕೋಟೆಯ ಮೆಟ್ಟಿಲು ಹತ್ತಲು ಮಂಡಿಗೆ ಶಕ್ತಿ ಇದ್ದವರು ಬಿಸಿಲೇರುವ ಮುಂಚೆಯೇ ಹತ್ತಬೇಕು. ಮೇಲಿನಿಂದ ಇಡೀ ಕೊಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.